ಇವರ ಗುಡ್ಡ

ಕವಲುಗೋಡಿನ ಊರಹೊರಗೆ ನಿಂತು ಪಡುವಣಕ್ಕೆ ನೋಡಿದರೆ ಸಹ್ಯಾದ್ರಿಯ ಸಾಲು ಕಣ್ತುಂಬುತ್ತದೆ. ಎಡಕ್ಕೆ ಗೂಳಿಹೆಗಲು, ಬಲಕ್ಕೆ ಒನಕೆಕಲ್ಲು, ನಡುವೆ ಅವೆರಡಕ್ಕಿಂತ ಎತ್ತರವಾಗಿ ಇವರ ಗುಡ್ಡ. ನಮ್ಮ ಕಡೆಯಿಂದ ಅದು ಹುಲ್ಲು ಹೊದ್ದ ಸಾಧು ಇಳಿಜಾರು. ನೆತ್ತಿಯ ಆಚೆ ಕರಾವಳಿಗೆ ನೇರ ಇಳಿದ ಬಂಡೆ. ಮಧ್ಯಾಹ್ನ ಕಳೆಯುತ್ತಲೇ ಕಣಿವೆಯಿಂದ ಮಂಜು ಏರಿ, ಕಾಲಡಿಯ ನೆಲವೂ ಕಾಣದಂತಾಗುತ್ತದೆ. ಈಚೆಗೆ ಯಾರೋ ಬುದ್ಧಿವಂತರು ಹೆಸರು ಅಪಭ್ರಂಶವಾಗಿದೆಯೆಂದು ತಿದ್ದಿ 'ಈಶ್ವರ ಗುಡ್ಡ' ಎಂದು ಫಲಕ ನೆಟ್ಟಿದ್ದಾರೆ. ನಮ್ಮನ್ನೊಂದು ಮಾತು ಕೇಳಬಹುದಿತ್ತು. ಈಶ್ವರನಿಗೂ ಆ ಹೆಸರಿಗೂ ಸಂಬಂಧವಿಲ್ಲ. ಅಲ್ಲಿ ಸತ್ತವನು ಒಬ್ಬ ಉಪ್ಪು ಹೊರುವವನು.

ಹಿಂದೆ ಒಮ್ಮೆ, ಘಟ್ಟಕ್ಕೆ ಕಾಲುದಾರಿ ಮಾತ್ರ ಇದ್ದ ಕಾಲದಲ್ಲಿ, ಕರಾವಳಿಯ ದುಗ್ಗಿ ಎಂಬವಳು ಗಂಡನೊಡನೆ ಉಪ್ಪಿನ ಹೊರೆ ಹೊತ್ತು ಮೇಲೆ ಬಂದಳು ಎನ್ನುತ್ತಾರೆ. ನೆತ್ತಿ ದಾಟುತ್ತಲೇ ಮಂಜು ಕವಿಯಿತು. ದಾರಿ ನೋಡಿ ಬರುತ್ತೇನೆಂದು ಹೋದ ಗಂಡ ತಿರುಗಿ ಬರಲಿಲ್ಲ. ಕರೆದು ಕರೆದು ದನಿ ಬಿದ್ದ ಮೇಲೆ ಅವಳು ತೊರೆಯ ಸದ್ದು ಹಿಡಿದು ನಮ್ಮೂರಿಗೆ ಇಳಿದಳು. ಊರಿನ ಯಜಮಾನ ಹಿರಿಯಣ್ಣಗೌಡ ಕೂಡಲೇ ಆಳುಗಳನ್ನು ಕರೆದುಕೊಂಡು ಹೊರಟ. ಆದರೆ ಘಟ್ಟ ಹತ್ತುವವರೆಲ್ಲ ಬಲ್ಲ ಒಂದು ಕಟ್ಟಳೆಯಿತ್ತು. ಮಂಜಿನೊಳಗಿನ ಪೀಡೆ ಬೇಕಾದವರ ದನಿಯಲ್ಲೇ ಕೂಗಿ ಬಂಡೆಯ ಅಂಚಿಗೆ ಎಳೆಯುತ್ತದೆ. ಮನುಷ್ಯರ ಹೆಸರು ಮಾತ್ರ ಅದಕ್ಕೆ ತಿಳಿಯದು. ಆದ್ದರಿಂದ ತನ್ನ ಹೆಸರು ಹಿಡಿದು ಕರೆಯದ ಹೊರತು ಯಾರೂ ಓಗೊಡಬಾರದು.

"ಗಂಡನ ಹೆಸ್ರು ಹೇಳ್ ತಾಯಿ. ಹೆಸ್ರಿಲ್ದೆ ಕೂಗಿದ್ರೆ ಅವ್ನು ಓ ಅನ್ನಲ್ಲ" ಎಂದ ಗೌಡ.

"ನಾ ಹೇಳ್ರೆ ಇವ್ರ ಆಯುಷ್ಯ ಕಮ್ಮಿ ಆತ್ತಲೆ, ಗೌಡ್ರೇ! ಹ್ಯಾಂಗ್ ಹೇಳೂದ್?"

ಅವಳಿಗೆ ಹಟವಿರಲಿಲ್ಲ, ಹೆದರಿಕೆಯಿತ್ತು. ಗಂಡನನ್ನು ಉಳಿಸಿಕೊಳ್ಳಬೇಕೆಂದೇ ಅವಳು ತುಟಿ ಕಚ್ಚಿ ನಿಂತಳು. ಗೌಡ ಬೈದ, ಕೈ ಮುಗಿದ. ನೆನಪಿಗೆ ಬಂದ ಹೆಸರನ್ನೆಲ್ಲ ತಾನೇ ಒಂದೊಂದಾಗಿ ಹೇಳಿ ತಲೆಯಾಡಿಸಿದರೆ ಸಾಕೆಂದ. ಯಾವುದೂ ಹೊಂದಲಿಲ್ಲ. ಕೊನೆಗೆ ಎಲ್ಲರೂ ಮಂಜಿನೊಳಗೆ ಹೊಕ್ಕು "ಓ ಅಣ್ಣಾ, ಓ ಉಪ್ಪಿನ ಹೊರೆಯವ್ನೇ" ಎಂದು ಕೂಗಿದರು. ದುಗ್ಗಿಯೂ ಒಡೆದ ದನಿಯಲ್ಲಿ, ಕೇಳಿಸುತ್ತದೆಯೇ ಎಂದು, "ಕೇಂತಾ? ಎಲ್ಲಿದ್ರಿ?" ಎಂದು ಕೂಗುತ್ತಲೇ ಇದ್ದಳು. ಎಲ್ಲಿಂದಲೂ ಉತ್ತರ ಬರಲಿಲ್ಲ.

ಬೆಳಗ್ಗೆ ಮಂಜು ಹರಿದಾಗ ದುಗ್ಗಿಯ ಗಂಡ, ಎಲ್ಲರೂ ಕೂಗುತ್ತ ನಿಂತಿದ್ದ ಜಾಗದ ಕೆಳಗೇ, ಒಂದು ಬಂಡೆಯ ಸಂದಿನಲ್ಲಿ ಸಿಕ್ಕಿದ. ಕಾಲು ಮುರಿದಿತ್ತು, ಮೈ ತಣ್ಣಗಾಗಿತ್ತು. ಕೂಗು ಕೇಳಿಸಬಾರದೆಂದು ತಲೆವಸ್ತ್ರವನ್ನು ಹರಿದು ಎರಡು ಕಿವಿಗಳಿಗೂ ತುರುಕಿಕೊಂಡಿದ್ದ.

ಗುಂಡಿ ತೋಡಿ, ಬಾಯಿಗೆ ನೀರು ಬಿಡುವಾಗ ಸತ್ತವನ ಹೆಸರು ಹೇಳಬೇಕಾಯಿತು. "ಇನ್ನಾದ್ರೂ ಹೇಳವ್ವ. ಕಮ್ಮಿ ಆಗಕ್ಕೆ ಇನ್ನೇನ್ ಉಳ್ದಿದೆ?" ಎಂದು ಗೌಡ ಅತ್ತ. ದುಗ್ಗಿ ಬಾಯಿ ತೆರೆದಳು. ಒಮ್ಮೆಯೂ ಆಡದ ಆ ಹೆಸರಿಗೆ ನಾಲಿಗೆ ತಿರುಗಲಿಲ್ಲ. "ಇವ್ರು... ಇವ್ರು..." ಎಂದಷ್ಟೇ ಬಂತು. ಆ ಮಾತು ಗುಡ್ಡಕ್ಕೆ ನಿಂತಿತು. ಅವನ ಹೆಸರು ಏನೆಂದು ಇಂದಿಗೂ ಯಾರಿಗೂ ತಿಳಿಯದು.

ಗುಡ್ಡ ನೋಡಲು ಬಂದವರು ಸಂಜೆಯವರೆಗೆ ನಿಂತರೆ ನಮ್ಮೂರಿನ ಹೆಂಗಸರು ಬೇಲಿಯಂಚಿಗೆ ಬಂದು, ದನ ಹೊಡೆದುಕೊಂಡು ಹೋದ ಗಂಡಂದಿರನ್ನು ಹೆಸರು ಹಿಡಿದು ಗಟ್ಟಿಯಾಗಿ ಕೂಗುವುದನ್ನು ಕಾಣುತ್ತಾರೆ. ನಿನ್ನೆ ಮದುವೆಯಾಗಿ ಬಂದವಳನ್ನೂ ಅತ್ತೆಯೇ ಕೈಹಿಡಿದು ಕರೆತಂದು ಕೂಗಿಸುತ್ತಾಳೆ. ಗಂಡುಬೀರಿಯರ ಊರೆಂದು ಪರಸ್ಥಳದವರು ನಗುತ್ತಾರೆ. ನಗಲಿ. ಮಂಜಿನೊಳಗಿಂದ "ಓ" ಎಂಬ ಮರುದನಿ ಬರುವ ತನಕ ನಮ್ಮ ಹೆಂಗಸರು ಅಲ್ಲಿಂದ ಕದಲುವುದಿಲ್ಲ.