ಹತ್ತು ಮನೆಯ ಸರದಿ

"ಗುರುಗಳೇ, ಊರಿನ ಗಾಡಿಗಳೆಲ್ಲ ಕರೆಂಟಿನವಾಗುತ್ತಿವೆ. ಅಷ್ಟಕ್ಕೂ ಸಾಕಾಗುವಷ್ಟು ಕರೆಂಟು ಎಲ್ಲಿಂದ ಬರಬೇಕು? ಯೋಚಿಸಿದರೆ ಭಯವಾಗುತ್ತದೆ" ಎಂದು ಶಿಷ್ಯ ಕೇಳಿದ. ಅವನು ಬಂದವನೇ ಕಾರಿನ ವೈರನ್ನು ಮಠದ ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ, ಆಮೇಲೆ ಒಳಗೆ ಬಂದು ಕುಳಿತಿದ್ದ.

ಗುರು ಹೇಳಿದರು:

ಒಂದು ಬೀದಿಯಲ್ಲಿ ನಲವತ್ತು ಆಟೋ ಚಾಲಕರ ಮನೆಗಳಿದ್ದವು. ಆಟೋಗಳೆಲ್ಲ ಕರೆಂಟಿನವು. ಬೀದಿಗೆ ಇದ್ದದ್ದು ಒಂದೇ ಟ್ರಾನ್ಸ್‌ಫಾರ್ಮರ್. ಅದು ಒಮ್ಮೆಗೆ ಹತ್ತು ಆಟೋಗಳ ಭಾರವನ್ನಷ್ಟೇ ಹೊರುತ್ತಿತ್ತು. ಲೈನ್‌ಮನ್ ಯೋಚಿಸಿ ಸರದಿ ಮಾಡಿದ. ದಿನಕ್ಕೆ ನಾಲ್ಕು ಹೊತ್ತು, ಹೊತ್ತಿಗೆ ಹತ್ತು ಮನೆ. ಅದನ್ನು ಕಂಬದ ಮೇಲೆ ಬಣ್ಣದಲ್ಲಿ ಬರೆದ. ಎರಡು ವರ್ಷ ಯಾವ ಆಟೋವೂ ದಾರಿಯಲ್ಲಿ ನಿಲ್ಲಲಿಲ್ಲ.

ಒಬ್ಬ ಚಾಲಕನ ತಾಯಿ ಆಮ್ಲಜನಕದ ಯಂತ್ರದಿಂದ ಉಸಿರಾಡುತ್ತಿದ್ದಳು. ಆ ಯಂತ್ರ ನಡೆಯುತ್ತಿದ್ದದ್ದೂ ಕರೆಂಟಿನಿಂದಲೇ. ಒಂದು ಸಂಜೆ, ನಾಳೆ ಇಡೀ ದಿನ ಕರೆಂಟು ಇರುವುದಿಲ್ಲ ಎಂಬ ಸುದ್ದಿ ಬೀದಿಗೆ ಬಂತು. ಯಾರು ಹೇಳಿದರೆಂದು ಯಾರಿಗೂ ಗೊತ್ತಿರಲಿಲ್ಲ. ಚಾಲಕ ಹೆದರಿದ. ಯಂತ್ರ ನಿಂತರೆ ತಾಯಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಆಟೋದಲ್ಲಿ ಅರ್ಧ ಚಾರ್ಜ್ ಇತ್ತು. ಅವನು ವೈರು ಹಿಡಿದು ಹೊರಗೆ ಬಂದ.

"ಏನಣ್ಣಾ, ನಿನ್ನ ಸರದಿ ಬೆಳಗ್ಗೆ ಅಲ್ವಾ?" ಎಂದ ಪಕ್ಕದ ಮನೆಯವನು.

"ಇವತ್ತೊಂದಿನ ಕಣೋ. ನಾನೊಬ್ಬ ಹಾಕಿದ್ರೆ ಏನೂ ಆಗಲ್ಲ. ಅದಿರ್ಲಿ, ನಿನ್ನ ಕೈಲಿರೋದೇನು, ಎಮ್ಮೆ ಕಟ್ಟೋ ಹಗ್ಗಾನಾ?"

ಇಬ್ಬರೂ ನಕ್ಕರು. ಇಬ್ಬರೂ ವೈರು ಸಿಕ್ಕಿಸಿದರು. ಉಳಿದ ಮನೆಗಳವರು ಆಗಲೇ ಸಿಕ್ಕಿಸಿದ್ದರು.

ಕಾಲು ಗಂಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಮನೆಯೊಳಗೆ ಯಂತ್ರದ ಸದ್ದು ನಿಂತಿತು. ಚಾಲಕ ತಾಯಿಯನ್ನು ಎತ್ತಿಕೊಂಡು ಬಂದು ಆಟೋದಲ್ಲಿ ಮಲಗಿಸಿದ. ಹಿಂದೆ ತಿರುಗಿ ನೋಡದೆ ಓಡಿಸಿದ. ಆಸ್ಪತ್ರೆ ತಲುಪಿದಾಗ ಬ್ಯಾಟರಿಯಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ತಾಯಿಯಲ್ಲಿ ಉಸಿರು ಉಳಿದಿರಲಿಲ್ಲ.

ಮರುದಿನ ಸುತ್ತಲಿನ ಬೀದಿಗಳಲ್ಲೆಲ್ಲ ಕರೆಂಟು ಇತ್ತು. ಬೆಳಗಿನಿಂದ ಸಂಜೆಯವರೆಗೆ ಒಂದು ಕ್ಷಣವೂ ಹೋಗಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಹಾಗಾದರೆ ಗುರುಗಳೇ, ಕರೆಂಟು ಸಾಕಾಗುತ್ತದೆಯೋ ಇಲ್ಲವೋ?"

ಗುರು ಜಗಲಿಯ ಕಡೆ ನೋಡಿ ಕೇಳಿದರು: "ವೈರು ಸಿಕ್ಕಿಸುವಾಗ ನಿನ್ನ ಕಾರಿನಲ್ಲಿ ಎಷ್ಟು ಚಾರ್ಜ್ ಇತ್ತಪ್ಪಾ?"