ರಾಜನ ಎದೆಯೊಳಗಿನ ಮನೆ ಅಳಿಯ

ಹತ್ತಿರ ಬನ್ನಿ, ಬಾಗಿಲು ಸ್ವಲ್ಪ ಮುಂದೆ ಮಾಡಿ. ಅರಮನೆ ವಿಷಯ, ನಿಮ್ಮ ಬಾಯಿಂದ ಹೊರಗೆ ಹೋಗಕೂಡದು.

ಚಂದ್ರಗಾವಿಯ ರಾಜ ಡಂಗುರ ಹೊಡೆಸಿದ: "ನನ್ನೆದೆಯ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡುತ್ತೇನೆ. ತಪ್ಪಿದವನ ತಲೆ ತೆಗೆಸುತ್ತೇನೆ."

ಗುಟ್ಟೇನು ಗೊತ್ತೆ? ಅವನೆದೆಯಲ್ಲಿದ್ದದ್ದು ಅವನ ಹೃದಯವೇ ಅಲ್ಲ! ಸ್ವಂತದ್ದು ಕೆಟ್ಟಾಗ, ದೂರದೂರಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ ಜಟ್ಟಿಯೊಬ್ಬನದ್ದನ್ನು ವೈದ್ಯರು ತಂದು ಕೂರಿಸಿದ್ದರು. ಕೆಲವು ವರ್ಷ ಕುದುರೆ ಏರಿ ಮೆರೆದ. ಈಗ ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯಕ್ಕೆ ನೆತ್ತರುಣಿಸೋ ನಾಳಗಳು ಉದ್ದಕ್ಕೂ ಕಿರಿದಾಗುತ್ತಿದ್ದವು. ಯಾಕೆ ಅಂತ ವೈದ್ಯರಿಗೂ ಗೊತ್ತಾಗಲಿಲ್ಲ.

ಆಸ್ಥಾನದ ಜೋಯಿಸ "ಕೆಟ್ಟ ದೃಷ್ಟಿ" ಅಂದ, ತಲೆ ಹೋಯಿತು. ಪಕ್ಕದ ರಾಜ್ಯದ ಪಂಡಿತ "ಸತ್ತವನ ಶಾಪ" ಅಂದ, ಅವನದೂ ಹೋಯಿತು.

ಅದೇ ಊರಲ್ಲಿ ಕೆಂಚ ಅಂತ ಒಬ್ಬ, ಪುಟ್ಟತಾಯಮ್ಮನ ಮನೆ ಅಳಿಯ. ದುಡಿದರೂ ಬೈಗುಳ, ಕೂತರೂ ಬೈಗುಳ. "ನೀನೂ ಹೋಗಿ ನೋಡು. ತಲೆ ಹೋದರೆ ಒಂದು ಊಟ ಉಳೀತದೆ" ಅಂದಳು ಅತ್ತೆ. ರೋಸಿಹೋಗಿದ್ದವನು ಎದ್ದೇ ಹೋದ.

ರಾಜ ಸಿಡುಕಿದ. "ಹೊರಗಿಂದ ಯಾವ ಕಳ್ಳನೂ ಬರಲಿಲ್ಲ. ಆದರೂ ನನ್ನ ಅತಿಥಿಯ ಓಣಿಗಳ ಗೋಡೆ ಒಳಗೊಳಗೇ ದಪ್ಪವಾಗ್ತಿದೆ. ಯಾರು ಮಾಡಿದ್ದು?"

"ನಿಮ್ಮ ಮನೆಯವರೇ, ಬುದ್ಧಿ. ಮೈಯೊಳಗಿನ ಕಾವಲುಗಾರರು. ಮನೆ ಅಳಿಯನ ಹಾಗೆ, ಎಷ್ಟು ವರ್ಷವಾದರೂ ಅವರಿಗೆ ಅದು ಹೊರಗಿನದ್ದೇ. ದಿನಾ ಕುಟುಕ್ತಾರೆ. ಗಾಯ ಮಾಯ್ದಲ್ಲೆಲ್ಲ ಗೋಡೆ ದಪ್ಪವಾಗ್ತದೆ. ಪಾಪ, ಆ ಹೃದಯ ತರೋ ದಾರೀಲೇ ನೆತ್ತರಿಲ್ಲದೆ ಉಪವಾಸ ಬಿದ್ದು ಸೊರಗಿ ಬಂದಿತ್ತು."

ರಾಜ ಎರಡನೆಯದು ಕೇಳಿದ: "ಮೈ ಅದನ್ನ ಹೊರದಬ್ಬದ ಹಾಗೆ ವೈದ್ಯರು ಕೊಟ್ಟ ಪುಡಿ ನುಂಗ್ತೀನಿ. ನುಂಗಿದರೆ ಜ್ವರದ ಕ್ರಿಮಿ ನುಗ್ಗ್ತವೆ, ನೆತ್ತರಲ್ಲಿ ಸಕ್ಕರೆ, ಕೊಬ್ಬು ಏರ್ತವೆ. ಬೇಸತ್ತು ಬಿಟ್ಟರೆ ಏದುಸಿರು. ನನ್ನ ಕೆಡಿಸಿದ್ದು ನುಂಗಿದ್ದೋ, ಬಿಟ್ಟಿದ್ದೋ?"

ರಾಜ ಕದ್ದು ಪುಡಿ ಬಿಟ್ಟಿದ್ದ ಸಂಗತಿ ಪಕ್ಕದಲ್ಲಿ ಕೂತಿದ್ದ ರಾಣಿಗೆ ತಿಳಿದದ್ದೇ ಆಗ. ಅವಳ ಮುಖ ನೋಡಬೇಕಿತ್ತು!

"ಎರಡೂ, ಬುದ್ಧಿ. ನಮ್ಮತ್ತೆ ಎದ್ದಿದ್ದರೆ ಕಾಟ. ಮಲಗಿದರೆ ಬೆಕ್ಕು ನುಗ್ಗಿ ಹಾಲು ಚೆಲ್ತದೆ. ಕಾವಲುಗಾರರು ಎದ್ದಾಗ ಕೆಡಿಸೋದು ಅವರು, ಪುಡಿ ನುಂಗಿ ಮಲಗಿಸಿದಾಗ ಕ್ರಿಮಿ, ಸಕ್ಕರೆ, ಕೊಬ್ಬು. ಆದರೆ ಪುಡಿ ಬಿಡಬೇಡಿ, ತುಪ್ಪ ಬಿಡಿ."

ರಾಜ ಮೂರನೆಯದು ಕೇಳಿದ: "ಇಷ್ಟು ಸೊರಗಿದರೂ ಎದೆನೋವು ಅಂತ ಈ ಹೃದಯ ಒಮ್ಮೆಯೂ ಕೂಗಲಿಲ್ಲ. ಯಾಕೆ?"

ಕೆಂಚ ತನ್ನೆದೆ ಮೇಲೆ ಕೈಯಿಟ್ಟು ಅಂದ: "ಕಿತ್ತು ತರುವಾಗ ನರ ಕತ್ತರಿಸಿದಿರಲ್ಲ. ಕೂಗು ನಿಮಗೆ ಮುಟ್ಟೋ ದಾರಿಯೇ ಇಲ್ಲ. ಸುಮ್ಮನಿದೆ ಅಂದ್ರೆ ಸುಖವಾಗಿದೆ ಅಂತ ತಿಳಿದಿರಿ."

ಮೂರೂ ಸರಿ ಅಂತ ವೈದ್ಯರು ತಲೆದೂಗಿದರು. ಕಿರಿದಾದ ನಾಳ ಮತ್ತೆ ಅಗಲವಾಗಲಿಲ್ಲ. ಆದರೆ ರಾಜ ಪುಡಿ ತಪ್ಪಿಸದೆ ಇನ್ನಷ್ಟು ಕಾಲ ಬದುಕಿದ. ಕೆಂಚ ಕೇಳಿದ್ದು ಹೆಂಡತಿ ಜೊತೆ ಇರೋಕೆ ಬೇರೆ ಬಾಗಿಲಿನ ಒಂದು ಮನೆ, ಅಷ್ಟೇ.

ಪುಟ್ಟತಾಯಮ್ಮ ಬೀದಿಯಲ್ಲಿ ನಿಂತು ಎದೆ ತಟ್ಟಿಕೊಂಡಳು: "ನಾನು ಸಾಕಿದ ಅಳಿಯ ಕಣ್ರೇ!"

ಪಕ್ಕದ ಮನೆ ನಿಂಗವ್ವ ಮುಖದ ಮೇಲೇ ಅಂದಳು: "ನೀನು ಸಾಕಿದ್ದಕ್ಕೇ ಅಲ್ವೇನೇ, ಅವನಿಗೆ ಮೂರೂ ಗೊತ್ತಿದ್ದದ್ದು?"