ಟಗರು ಕೊಟ್ಟು ಕಲಿತ ಅಕ್ಷರ

"ನನ್ನ ತಲೆಯಲ್ಲಿ ಏನೂ ಕೊರತೆಯಿಲ್ಲ ಭಾವ. ಕೊರತೆ ಇರುವುದು ನೀವು ಕಳಿಸುವ ಪಂಡಿತರಲ್ಲಿ!" ಎಂದು ಹಂಪನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಹಂಪನಾಯಕ ಕೆಂಗಲ್ಲುದುರ್ಗದ ದೊರೆ ಬೊಮ್ಮಣ್ಣನಾಯಕನ ಹೆಂಡತಿಯ ತಮ್ಮ. ಆ ಒಂದೇ ಯೋಗ್ಯತೆಯ ಮೇಲೆ ಅವನು ಗಡಿಯ ಸುಂಕದ ಅಧಿಕಾರಿಯಾಗಿದ್ದ. ಅಧಿಕಾರಿಗೆ ಓದಲು ಬರುತ್ತಿರಲಿಲ್ಲ. ಕಲಿಸಲೆಂದು ಅರಮನೆಯ ಖರ್ಚಿನಲ್ಲಿ ಪಂಡಿತರ ಮೇಲೆ ಪಂಡಿತರು ಬಂದರು. ಪಾಠದ ಹೊತ್ತಿಗೆ ಸರಿಯಾಗಿ ಹಂಪನಾಯಕನಿಗೆ ಹೊಟ್ಟೆನೋವು ಬರುತ್ತಿತ್ತು. ಪಂಡಿತರು ಅತ್ತ ಹೋದ ಕೂಡಲೇ ಹಸಿವಾಗುತ್ತಿತ್ತು.

ಈ ಸಲ ಸಿಕ್ಕಿಬಿದ್ದವರು ಮುದುಕರಾದ ನರಹರಿ ಶಾಸ್ತ್ರಿಗಳು.

"ವರ್ಷವಿಡೀ ಅರಮನೆಯ ಅನ್ನ ತಿಂದು ಒಂದಕ್ಷರ ಕಲಿಸಲಿಲ್ಲವಲ್ಲ! ಊರು ಬಿಟ್ಟು ನಡೆಯಿರಿ," ಎಂದು ದೊರೆ ಅಬ್ಬರಿಸಿದ. ಶಾಸ್ತ್ರಿಗಳು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು ಬಾಗಿಲತ್ತ ತಿರುಗಿದರು.

ಆಸ್ಥಾನದ ವಿದೂಷಕ ಸಂಕಣ್ಣನಿಗೆ ಅದನ್ನು ನೋಡಲಾಗಲಿಲ್ಲ. ದೊರೆಯನ್ನು ನಗಿಸುವುದು ಅವನ ಕೆಲಸ, ನಗಿಸುತ್ತಲೇ ಚುಚ್ಚುವುದು ಅವನ ಚಾಳಿ. ಅವನು ಅಕ್ಷರ ಕಲಿತದ್ದು ಇದೇ ಶಾಸ್ತ್ರಿಗಳ ಜಗಲಿಯಲ್ಲಿ.

"ಪ್ರಭು, ಹಂಪನಾಯಕರು ಹೇಳುವುದು ನಿಜ," ಎನ್ನುತ್ತ ಅವನು ಎದ್ದು ನಿಂತ. "ಪುಕ್ಕಟೆ ಪಾಠ ಇಂಥ ತಲೆಗೆ ಹತ್ತೀತೇ? ದೊಡ್ಡವರು ಕಲಿಯಬೇಕಾದರೆ ಕಾಣಿಕೆಯೂ ದೊಡ್ಡದೇ ಇರಬೇಕು."

ಹಂಪನಾಯಕ ಉಬ್ಬಿಹೋದ. "ಕೇಳಿದಿರಾ ಭಾವ? ಸರಿಯಾಗಿ ಕಲಿಸುವುದಾದರೆ ನನ್ನ ಟಗರುಗಳನ್ನೇ ಕೊಟ್ಟೇನು!"

ಕಾಳಗದ ಟಗರುಗಳೆಂದರೆ ಅವನಿಗೆ ಪ್ರಾಣ. ಮರಿಯಿದ್ದಾಗಿನಿಂದ ತಾನೇ ಕೈಯಾರೆ ಹುರುಳಿ ತಿನ್ನಿಸಿ, ಕೊಂಬಿಗೆ ಎಣ್ಣೆ ತಿಕ್ಕಿ, ಹಟ್ಟಿ ತುಂಬ ಬೆಳೆಸಿದ್ದ. ಹೆಂಡತಿಯ ಹೆಸರು ಒಮ್ಮೊಮ್ಮೆ ಮರೆಯುತ್ತಿದ್ದ, ಟಗರುಗಳದ್ದಲ್ಲ.

ಸಂಕಣ್ಣ ಆ ಮಾತನ್ನು ಕೆಳಗೆ ಬೀಳಗೊಡಲಿಲ್ಲ. "ಸಭೆಯಲ್ಲಿ ಆಡಿದ ಮಾತು ಪ್ರಭು! ಇನ್ನು ಬೊಕ್ಕಸದಿಂದ ಒಂದು ಕಾಸೂ ಬೇಡ. ದಿನಕ್ಕೊಂದು ಟಗರು ಶಾಸ್ತ್ರಿಗಳ ಮನೆಗೆ ಹೋಗಲಿ. ನಾಯಕರು ಪಾಠಕ್ಕೆ ಬಂದರೂ ಸರಿ, ಬಾರದಿದ್ದರೂ ಸರಿ, ಟಗರು ವಾಪಸಿಲ್ಲ. ಇವರಿಗೆ ಓದಲು ಬಂದ ದಿನ ಕಾಣಿಕೆ ನಿಲ್ಲಲಿ."

"ಕಲಿಯದಿದ್ದರೆ?" ಎಂದ ದೊರೆ.

"ಶಾಸ್ತ್ರಿಗಳ ಗಂಟುಮೂಟೆ ಹೊತ್ತುಕೊಂಡು ನಾನೂ ಊರು ಬಿಡುತ್ತೇನೆ."

ದೊರೆ ಒಪ್ಪಿಬಿಟ್ಟ. ಹಂಪನಾಯಕನ ಮುಖ ಹುಳ್ಳಗಾಯಿತು. ಆದರೆ ಅಷ್ಟು ಜನರೆದುರು ಮಾತು ನುಂಗುವುದು ಹೇಗೆ?

ಮೊದಲ ದಿನ ಟಗರು ಹೋಯಿತು, ನಾಯಕ ಹೋಗಲಿಲ್ಲ. ಮರುದಿನವೂ ಅದೇ ಕತೆ. ಆಮೇಲೆ ಅವನ ಮುದ್ದಿನ ಟಗರು ಸಿಡಿಲನ ಸರದಿ ಬಂತು. ಅದನ್ನು ಎಳೆದುಕೊಂಡು ಹೋಗುತ್ತಿದ್ದರೆ ತಡೆಯಲಾರದೆ ನಾಯಕನೂ ಹಿಂದೆಯೇ ನಡೆದ. ಶಾಸ್ತ್ರಿಗಳ ಹಿತ್ತಲಲ್ಲಿ ಅವನ ಟಗರುಗಳು ಕುಂಬಳದ ಬಳ್ಳಿ ಮೇಯುತ್ತ ನಿಂತಿದ್ದವು. ಒಡೆಯನತ್ತ ತಿರುಗಿಯೂ ನೋಡಲಿಲ್ಲ.

ನಾಯಕ ಜಗಲಿಯ ಮೇಲೆ ಧೊಪ್ಪನೆ ಕೂತು, "ಶಾಸ್ತ್ರಿಗಳೇ, ಶುರು ಮಾಡಿ!" ಎಂದ.

ಶುರುವಾದದ್ದು ನಿಲ್ಲಲೇ ಇಲ್ಲ. ಮಧ್ಯಾಹ್ನವಾಯಿತು. ಶಾಸ್ತ್ರಿಗಳು, "ನಾಯಕರೇ, ಊಟದ ಹೊತ್ತು..." ಎಂದು ಮೆಲ್ಲಗೆ ಎದ್ದರು.

"ಊಟವೇ? ಸಿಡಿಲನನ್ನು ಕೊಟ್ಟಿದ್ದೇನೆ ಸ್ವಾಮಿ! ಈ ಒತ್ತಕ್ಷರ ಮುಗಿಸದೆ ಹೇಗೆ ಏಳುತ್ತೀರಿ, ನೋಡುತ್ತೇನೆ!"

ಅಂದಿನಿಂದ ಕೋಳಿ ಕೂಗುವ ಮೊದಲೇ ನಾಯಕ ಬಂದು ಬಾಗಿಲು ಬಡಿಯತೊಡಗಿದ. ಶಾಸ್ತ್ರಿಗಳು ಸ್ನಾನಕ್ಕೆ ಹೋದರೆ ಹೊರಗೆ ನಿಂತು ಕಾಗುಣಿತ ಒಪ್ಪಿಸಿದ. ಕೆಮ್ಮಿದರೆ, "ಇದು ನನ್ನ ಟಗರಿನ ಹೊತ್ತು, ಆಮೇಲೆ ಕೆಮ್ಮಿ," ಎಂದು ಗದರಿಸಿದ.

ಶಾಸ್ತ್ರಿಗಳು ಏದುಸಿರು ಬಿಡುತ್ತ ಸಂಕಣ್ಣನ ಮನೆಗೆ ಓಡಿಬಂದರು. "ಸಂಕಣ್ಣಾ, ಇವನು ಕಲಿಯುವುದಿಲ್ಲ ಅಂತ ಆಗ ಊರು ಬಿಡಬೇಕಾಗಿತ್ತು. ಈಗ ಇವನು ಕಲಿಯುವುದನ್ನು ತಾಳಲಾರದೆ ಬಿಡಬೇಕಾಗಿದೆಯಪ್ಪ!"

ಹಟ್ಟಿ ಅರ್ಧ ಖಾಲಿಯಾಗುವ ಹೊತ್ತಿಗೆ ನಾಯಕ ಸಭೆಯಲ್ಲಿ ನಿಂತು, ಗಡಿಯಿಂದ ಬಂದ ಓಲೆಯನ್ನು ಅಲ್ಲಲ್ಲಿ ಮುಗ್ಗರಿಸಿದರೂ ಕೊನೆಯವರೆಗೆ ಓದಿದ. ಓದಿ ಮುಗಿಸಿ ಕಣ್ಣೊರೆಸಿಕೊಂಡ. ಸಂತೋಷಕ್ಕೋ ಟಗರುಗಳ ನೆನಪಿಗೋ, ಯಾರಿಗೂ ಗೊತ್ತಾಗಲಿಲ್ಲ.

ದೊರೆ ಸಿಂಹಾಸನದಿಂದ ಜಿಗಿದೆದ್ದ. "ಗುಟ್ಟು ಇಷ್ಟೇ ಏನು? ಹಾಗಾದರೆ ಡಂಗುರ ಸಾರಿಸಿಬಿಡಿ! ನಮ್ಮ ನಾಡಿನಲ್ಲಿ ಶಾಲೆಗೆ ಬರುವ ಪ್ರತಿಯೊಂದು ಮಗುವೂ ಇನ್ನು ಟಗರು ತರಬೇಕು!"

ಸಭೆ ಚಪ್ಪಾಳೆ ತಟ್ಟಿತು. ಸಂಕಣ್ಣ ತಟ್ಟಲಿಲ್ಲ. ಒಬ್ಬ ಮೇಷ್ಟರನ್ನು ಉಳಿಸಲು ಹೋಗಿ ಮಕ್ಕಳಿಗೆಲ್ಲ ಗುಂಡಿ ತೋಡಿಬಿಟ್ಟೆನೇ?

"ಪ್ರಭು," ಎಂದ. "ಕೂಲಿಯವಳ ಮಗಳು ಶಾಲೆಗೆ ಬಂದ ದಿನ ಅವರ ಮನೆಯಲ್ಲಿ ಎರಡು ಕೈ ದುಡಿಮೆ ಕಡಿಮೆ, ಒಂದು ಮುದ್ದೆ ಕಡಿಮೆ. ಹೊಸ್ತಿಲು ದಾಟುವಾಗಲೇ ಅವಳು ಕಾಣಿಕೆ ಕೊಟ್ಟು ಬಂದಿರುತ್ತಾಳೆ. ಇನ್ನೂ ಕೇಳಿದರೆ ಬರುವುದನ್ನೇ ಬಿಟ್ಟಾಳು. ಏನೂ ಕಳೆದುಕೊಳ್ಳದೆ ಕಲಿಯಲು ಕೂತವರಿಂದ ಮಾತ್ರ ಕೀಳಬೇಕು. ಅಂಥವರು ನಾಡಿನಲ್ಲಿ ಬಹಳ ಮಂದಿ ಇಲ್ಲ. ಇರುವವರೆಲ್ಲ ಈ ಸಭೆಯಲ್ಲೇ ಕೂತಿದ್ದಾರೆ."

ಚಪ್ಪಾಳೆ ತಟ್ಟಿದವರು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು.

ದೊರೆ ಮತ್ತೆ ಸಿಂಹಾಸನದಲ್ಲಿ ಕೂತು ತಲೆದೂಗಿದ. "ಸರಿ, ಸಾರುವುದು ಬೇಡ. ಒಳ್ಳೆಯ ಪಾಠ ಹೇಳಿದೆ ಸಂಕಣ್ಣ. ಯಾರಲ್ಲಿ! ಬೊಕ್ಕಸದಿಂದ ಇವನಿಗೊಂದು ಚಿನ್ನದ ಕಡಗ ತನ್ನಿ."

"ಬೇಡ ಪ್ರಭು. ಬೊಕ್ಕಸದಿಂದ ಕೊಟ್ಟರೆ ನಿಮಗೆ ಪಾಠ ನೆನಪಿರುವುದಿಲ್ಲ. ನಿಮ್ಮ ಸ್ವಂತದ್ದು ಏನಾದರೂ ಕೊಡಿ."

ದೊರೆ ಉಂಗುರ ಮುಟ್ಟಿಕೊಂಡ. ಸಂಕಣ್ಣ, "ಕಂದಾಯದ್ದು," ಎಂದ. ದೊರೆ ಶಾಲು ಹಿಡಿದ. "ಸುಂಕದ್ದು." ಕಿರೀಟಕ್ಕೆ ಕೈ ಹೋಯಿತು. "ನಿಮ್ಮ ಅಜ್ಜ ಲೂಟಿ ಮಾಡಿ ತಂದದ್ದು."

"ಮತ್ತೆ ನನ್ನದು ಅಂತ ಏನಯ್ಯಾ ಇದೆ?" ಎಂದು ದೊರೆ ರೇಗಿದ.

"ಇದೆಯಲ್ಲ ಪ್ರಭು, ಊಟವಾದ ಮೇಲಿನ ನಿದ್ದೆ! ಯಾವ ರೈತನ ಮನೆಯಿಂದಲೂ ಎತ್ತಿಕೊಂಡು ಬಾರದೆ ನೀವೇ ಸ್ವಂತವಾಗಿ ಸಂಪಾದಿಸಿದ್ದು ಅದೊಂದೇ. ಅದನ್ನು ನನಗೆ ಕೊಟ್ಟುಬಿಡಿ. ಆ ಹೊತ್ತಿನಲ್ಲಿ ಬಾಗಿಲಲ್ಲಿ ಕಾದು ಕೂತ ಜನರ ಅಹವಾಲು ಕೇಳಿ."

ದೊರೆಯ ನಗೆಗೆ ಕಿರೀಟವೇ ಜಾರಿ ಮಡಿಲಿಗೆ ಬಿತ್ತು. ನಗುತ್ತಲೇ ನಿದ್ದೆಯನ್ನು ದಾನ ಮಾಡಿದ. ಮರುದಿನ ಊಟ ಮುಗಿಸಿ ಸಭೆಗೆ ಬಂದು ಕೂತಾಗ ಮಾತ್ರ ಅವನಿಗೆ ನಗು ಬರಲಿಲ್ಲ, ಆಕಳಿಕೆ ಬಂತು.